ಹೆಚ್ಚಿಗೆ ಬಂದ ಗುಡಿಸು

“ಒಂದೇ ಒಂದು ಗುಡಿಸು ಅಕ್ಕಾ, ಅದು ನನ್ನನ್ನೇ ಗುಡಿಸಿ ಆಚೆ ಹಾಕ್ತಿದೆ!” ಎಂದಳು ಬಾಗಿಲಲ್ಲಿ ನಿಂತ ಹೆಂಗಸು.

ಅವಳನ್ನು ಒಳಗೆ ಕರೆದು ಕೂರಿಸಿದವರು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಒಳಗಿದ್ದ ಅವರ ಚಿಕ್ಕಮ್ಮ, ಅಂದರೆ ಬೀದಿಯವರ ಅಕ್ಕ, ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಈಗ ಬೀದಿಯವರ ಗೋಜಲು ಬಿಡಿಸುತ್ತಾರೆ. ಅಂಥ ಹೊತ್ತಿನಲ್ಲಿ ಕುರ್ಚಿ ಎಳೆಯುವುದು, ಹೂಂಗುಟ್ಟುವುದು, ತಪ್ಪು ಊಹೆ ಮಾಡುವುದು ಮೇಷ್ಟ್ರ ಪಾಲಿನ ಕೆಲಸ.

ಬಂದವಳು ಹಗಲು ಗ್ರಂಥಾಲಯದ ಕೌಂಟರಿನಾಕೆ. ಬಿಡುವಿನಲ್ಲಿ ಮಾತ್ರ ಆನ್‌ಲೈನ್ ಅಣಕು ಶಾಸನಸಭೆಯ ಗುಮಾಸ್ತೆ. ಅಲ್ಲಿ ಎಲ್ಲರ ಬಾಯಲ್ಲೂ ‘ದಾಖಲೆಯಮ್ಮ’. ಆಟದ ಸಭೆಯೇ ಆದರೂ ಮೂವತ್ತು ಸದಸ್ಯರು ಮಸೂದೆ ಮಂಡಿಸಿ, ಜಗಳವಾಡಿ, ಮತ ಹಾಕುತ್ತಾರೆ. ಗೆದ್ದ ಮಸೂದೆಯನ್ನು ಪ್ರತಿ ಮಂಗಳವಾರ ಸಂಜೆ ನಾಲ್ಕರ ಸುಮಾರಿಗೆ ಇವಳು ಕಾನೂನು ಪುಸ್ತಕಕ್ಕೆ ಏರಿಸಬೇಕು. ಏರಿದ ಮೇಲೇ ಅದು ಕಾನೂನು.

“ಎಂಟು ವರ್ಷ, ನಾನೂರ ಹನ್ನೆರಡು ಕಾನೂನು, ಒಂದು ಒತ್ತಕ್ಷರ ತಪ್ಪಿಲ್ಲ. ಈ ಸಲ ಸಭೆ ಒಪ್ಪಿದ್ದು, ಸತತ ಮೂರು ಮಸೂದೆಗೆ ಮತ ಹಾಕದ ಸದಸ್ಯರು ಹೊರಗೆ ಅಂತ. ಪುಸ್ತಕದಲ್ಲಿ ನೋಡಿದ್ರೆ, ‘ಕ’ಕ್ಕೊಂದು ಗುಡಿಸು ಹತ್ತಿ, ಮತ ಹಾಕಿದ ಸದಸ್ಯರು ಹೊರಗೆ!”

ಮೇಷ್ಟ್ರಿಗೆ ನಗು ಬಂತು. ಚಿಕ್ಕಮ್ಮ ಕಣ್ಣಲ್ಲೇ ಬ್ರೇಕ್ ಹಾಕಿದರು.

“ನಗಿ ಸಾರ್. ದಾಖಲೆ ತಪ್ಪಾದ್ರೆ ಕಾನೂನು ರದ್ದು, ಗುಮಾಸ್ತೆ ವಜಾ. ಇವತ್ತು ಆರು ಗಂಟೆಗೆ ನನ್ನ ವಜಾ.”

“ಮಸೂದೆ ಯಾರದ್ದಮ್ಮಾ?” ಎಂದರು ಚಿಕ್ಕಮ್ಮ.

“ಮಸೂದೆ ಮಾವನದ್ದು. ವಿಮೆ ಏಜೆಂಟು. ಮಂಡಿಸಿದವರು ತಮ್ಮ ಮಸೂದೆಗೆ ತಾವೇ ಮತ ಹಾಕೋ ಹಾಗಿಲ್ಲ ನಮ್ಮಲ್ಲಿ, ಆದ್ರೂ ಅವರಿಗೆ ಮಂಡಿಸೋ ಚಟ. ಈಚೆಗೆ ಸಾಲಾಗಿ ಮೂರೂ ಅವರದ್ದೇ!”

ಚಿಕ್ಕಮ್ಮ ಕನ್ನಡಕ ಏರಿಸಿ, ಅವಳು ತೋರಿಸಿದ ಮಸೂದೆಯ ಪುಟ, ಪುಸ್ತಕದ ಪುಟ ಎರಡನ್ನೂ ಅಕ್ಷರಕ್ಕೆ ಅಕ್ಷರ ಓದಿದರು. ಮಸೂದೆಯ ಪುಟದಲ್ಲಿ ‘ಹಾಕದ’ ಎಂದೇ ಇತ್ತು. ಕೆಳಗೆ ಸಣ್ಣಕ್ಷರದಲ್ಲಿ: ಕೊನೆಯ ತಿದ್ದುಪಡಿ ಮಂಗಳವಾರ ೪.೨೫. ಕಾನೂನು ಪುಸ್ತಕದಲ್ಲಿ ‘ಹಾಕಿದ’. ದಾಖಲಾದದ್ದು ಮಂಗಳವಾರ ೪.೧೦. ಎರಡರಲ್ಲೂ ‘ಸದಸ್ಯತ್ವ’ದ ಬದಲು ‘ಸದಸತ್ವ’.

“ಬೆರಳು ಜಾರಿರಬೇಕು, ಅಷ್ಟೇ,” ಎಂದರು ಮೇಷ್ಟ್ರು, ತಮ್ಮ ಪಾಲಿನ ಊಹೆ ಮುಗಿಸಿ.

“ಹೂಂ, ನಿನ್ನ ಶಿಷ್ಯರ ಕ್ಲಚ್ಚು ಜಾರಿದ ಹಾಗೆ! ದಾಖಲೆಯಮ್ಮಾ, ಆರಕ್ಕೆ ಸಭೇಲಿ ನನ್ನನ್ನೂ ಕೂರಿಸು.”

ಆರಕ್ಕೆ ಕಂಪ್ಯೂಟರ್ ಪರದೆಯ ತುಂಬ ಚೌಕ ಚೌಕ ಮುಖಗಳು. ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡು ಚಿಕ್ಕಮ್ಮನಿಗೆ ಮಾತಾಡಲು ಅನುಮತಿ ಕೊಟ್ಟರು. ಚಿಕ್ಕಮ್ಮ ಎರಡು ನಿಮಿಷ ಸದ್ದಿಲ್ಲದೆ ತುಟಿಯಾಡಿಸಿದರು. ಮೇಷ್ಟ್ರು ಮೈಕು ಒತ್ತಿದ ಮೇಲೆ ಮತ್ತೆ ಮೊದಲಿಂದ.

“ದಾಖಲೆಯಮ್ಮ ಕೈಯಾರೆ ಟೈಪ್ ಮಾಡಿದ್ರೆ ‘ಸದಸತ್ವ’ ಅಂತ ಬರೀತಿರಲಿಲ್ಲ. ನಾನೂರ ಹನ್ನೆರಡರಲ್ಲಿ ಒಂದೂ ಕಾಗುಣಿತ ತಪ್ಪದ ಕೈ ಅದು. ಅಂದ್ರೆ ಮಸೂದೆಯನ್ನ ಇದ್ದ ಹಾಗೇ ಎತ್ತಿ ಇಟ್ಟಿದ್ದಾಳೆ. ಅವಳು ಎತ್ತಿದಾಗ ಗುಡಿಸು ಅಲ್ಲೇ ಇತ್ತು. ಆಮೇಲೆ, ನಾಲ್ಕು ಇಪ್ಪತ್ತೈದಕ್ಕೆ, ಹೋಯ್ತು. ಡಾಕ್ಟ್ರೇ, ಮಸೂದೆ ಪುಟ ಯಾರು ತಿದ್ದಬಹುದು?”

“ಮಂಡಿಸಿದವರು ಮಾತ್ರ.”

ಮಸೂದೆ ಮಾವ ನಕ್ಕ. “ಅಯ್ಯೋ ತಾಯೀ, ಕಾಗುಣಿತ ಸರಿಮಾಡೋಣ ಅಂತ ಪುಟ ತೆಗೆದಿದ್ದೆ ಅಷ್ಟೇ!”

“ಹಾಗಾದ್ರೆ ‘ಸದಸತ್ವ’ ಯಾಕಪ್ಪಾ ಹಾಗೇ ಉಳೀತು?”

ಯಾರದೋ ಮನೆಯ ಕುಕ್ಕರ್ ಒಂದು ಸೀಟಿ ಹೊಡೆಯಿತು.

“ಅವರಿಗ್ಯಾಕೆ ಬೇಕಿತ್ತು ಚಿಕ್ಕಮ್ಮಾ? ಕಾನೂನು ಅವರದ್ದೇ ಅಲ್ವಾ?” ಎಂದರು ಮೇಷ್ಟ್ರು.

“ಅದೇ ಕುತ್ತಿಗೆಗೆ ಬಂದದ್ದು. ಸಾಲಾಗಿ ಮೂರು ಮಸೂದೆ ಇವರದ್ದೇ. ಮೂರಕ್ಕೂ ಮತ ಹಾಕೋ ಹಾಗಿಲ್ಲ. ಸೋಮಾರಿಗಳಿಗೆ ಅಂತ ತೋಡಿದ ಹಳ್ಳದಲ್ಲಿ ಮೊದಲು ಬೀಳೋರು ಇವರೇ. ಅದು ಹೊಳೆದದ್ದು ಮಸೂದೆ ಗೆದ್ದ ಮೇಲೆ. ಆಗ ಗುಡಿಸು ಸೇರಿಸಿದ್ರು, ಇವಳು ಎತ್ತಿಟ್ಟ ಮೇಲೆ ತೆಗೆದ್ರು. ದಾಖಲೆ ತಪ್ಪಾದ್ರೆ ಕಾನೂನು ರದ್ದು. ಹೋಗೋದು ಗುಮಾಸ್ತೆ ತಾನೇ ಅಂದ್ಕೊಂಡ್ರು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ಹನ್ನೊಂದು ವರ್ಷದಿಂದ ಇಲ್ಲಿದ್ದೀನಿ,” ಎಂದ ಮಾವ. “ತಪ್ಪಾಯ್ತು ದಾಖಲೆಯಮ್ಮಾ.”

ಡಾಕ್ಟರು ತೀರ್ಪು ಹೇಳಿದರು: ತಪ್ಪು ಗುಮಾಸ್ತೆಯದಲ್ಲ; ಆದ್ದರಿಂದ ಕಾನೂನು ರದ್ದಾಗುವುದಿಲ್ಲ; ಸಭೆ ಒಪ್ಪಿದ ಮಾತನ್ನು ಆಕೆಯೇ ಈಗ ಏರಿಸಲಿ.

ದಾಖಲೆಯಮ್ಮ ಗುಡಿಸು ತೆಗೆದಳು. ಅವಳ ಬೆರಳು ತುಸು ತಡೆಯಿತು.

“ಆ ‘ಸದಸತ್ವ’ ಒಂದನ್ನಾದ್ರೂ ತಿದ್ದಿಬಿಡಮ್ಮಾ,” ಎಂದ ಮಾವ. “ನನ್ನ ಕೊನೇ ಕಾನೂನು.”

“ಆಗಲ್ಲ ಮಾವ. ಸಭೆ ಒಪ್ಪಿದ್ದು ಹಾಗೇ.”

ಅವಳು ಗುಂಡಿ ಒತ್ತಿದಳು. ಮಾವನ ಚೌಕ ಆರಿತು; ಉಳಿದ ಚೌಕಗಳು ಒಂದಿಷ್ಟು ಸರಿದು, ಆ ಜಾಗವನ್ನು ತುಂಬಿಕೊಂಡವು.