ನಟ್ಟಿನ ಮೇಲಿನ ಬಿಳಿ ಗೆರೆ

ಫೆಬ್ರವರಿ ಹನ್ನೊಂದು, ಗುರುವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಎರಡು ಕಾಲಿನಲ್ಲಿ ಎರಡು ಬಗೆಯ ಚಪ್ಪಲಿಗಳಿದ್ದವು. ಗಂಡ ಸತ್ತು ಎರಡು ಗಂಟೆಯೂ ಕಳೆದಿರಲಿಲ್ಲ. ಜೊತೆಗೆ ಅವಳ ಅಣ್ಣ ಇದ್ದ; ಶಾಲಾ ಬಸ್ಸಿನ ಡ್ರೈವರ್, ಐವತ್ತರ ಆಸುಪಾಸಿನ ದಪ್ಪ ಮೀಸೆಯ ಆಳು. ಇಬ್ಬರೂ ತೋಳಿಗೆ ತೋಳು ಹಿಡಿದಿದ್ದರು. ಯಾರು ಯಾರನ್ನು ನಡೆಸಿಕೊಂಡು ಬರುತ್ತಿದ್ದಾರೆ ಎಂದು ಯೋಚಿಸುವಷ್ಟು ವ್ಯವಧಾನ ಆಗ ಇನ್ಸ್‌ಪೆಕ್ಟರಿಗೆ ಇರಲಿಲ್ಲ.

ದೂರನ್ನು ಅಣ್ಣ ಹೇಳುತ್ತ ಹೋದ, ತಂಗಿ ತಲೆಯಾಡಿಸಿದಳು, ರೈಟರ್ ಬರೆದುಕೊಂಡ. ಸತ್ತವರು ಡ್ರೈವಿಂಗ್ ಶಾಲೆ ನಡೆಸುತ್ತಿದ್ದವರು. ಊರಲ್ಲಿ ಅವರಿಗೆ ಗೆರೆ ಮೇಷ್ಟ್ರು ಎಂದೇ ಹೆಸರು. ಬೆಳಿಗ್ಗೆ ಏಳು ಐವತ್ತಕ್ಕೆ ಕಾಲುವೆ ರಸ್ತೆಯ ತಿರುವಿನಲ್ಲಿ ಅವರ ಕಾರಿನ ಮುಂದಿನ ಎಡಚಕ್ರ ಕಳಚಿ ಹೋಯಿತು. ಕಾರು ಮೋರಿಯ ಗೋಡೆಗೆ ಎಡಮಗ್ಗುಲು ಕೊಟ್ಟು ಗುದ್ದಿತು. ಎಡಗಡೆ ಕೂತಿದ್ದ ಮೇಷ್ಟ್ರು ಅಲ್ಲೇ ಹೋದರು. ಸ್ಟೀರಿಂಗ್ ಹಿಡಿದಿದ್ದ ಕಲಿಯುವಾಕೆ, ಒಬ್ಬ ಟೈಲರಮ್ಮ, ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿದ್ದಾಳೆ. ಎಂಟು ದಿನದ ಹಿಂದೆ, ಮೂರನೇ ತಾರೀಕು, ಕಾರು ಮಾರ್ಕೆಟ್ ಹಿಂದಿನ ಗ್ಯಾರೇಜಿನಲ್ಲಿ ಸರ್ವಿಸ್ ಆಗಿತ್ತು.

"ಮೆಕ್ಯಾನಿಕ್ ನಟ್ಟು ಬಿಗಿ ಮಾಡಿಲ್ಲ, ಅಷ್ಟೇ ಸರ್," ಅಂದ ಅಣ್ಣ. "ಬೇರೆ ಏನೂ ಇಲ್ಲ."

ಸಾಕ್ಷಿಯಾಗಿ ಅವನೂ ಸಹಿ ಹಾಕಿದ. ಸಹಿ ಗೆರೆ ಬಿಟ್ಟು ಮೇಲೆ ಹತ್ತಿ ಪಕ್ಕದ ಕಾಲಮ್ಮಿಗೆ ನುಗ್ಗಿತು. ಏಳುವಾಗ ಎಡಮೊಣಕೈ ತಾಗಿ ನೀರಿನ ಲೋಟ ಉರುಳಿತು. ಆ ಮೇಜಿನ ಮುಂದೆ ಕೈ ನಡುಗದವರೇ ಕಡಿಮೆ. ಇನ್ಸ್‌ಪೆಕ್ಟರ್ ಒಂದು ಹಳೇ ಪತ್ರಿಕೆಯಿಂದ ನೀರು ಒರೆಸಿ ಎಫ್‌ಐಆರ್ ಮಾಡಲು ಹೇಳಿದರು. ನಿರ್ಲಕ್ಷ್ಯದಿಂದ ಸಾವು. ಆರೋಪಿ, ಮೆಕ್ಯಾನಿಕ್.

ಹತ್ತೂವರೆಗೆ ಸ್ಥಳ ಪಂಚನಾಮೆ. ಜೊತೆಗೆ ಬಂದ ಹೆಡ್ ಕಾನ್‌ಸ್ಟೆಬಲ್‌ನನ್ನು ಇಡೀ ಠಾಣೆ ಸ್ಪ್ಯಾನರ್ ಎಂದೇ ಕರೆಯುತ್ತಿತ್ತು. ಇಲಾಖೆಯ ವಾಹನ ರಿಪೇರಿ ಶೆಡ್ಡಿನಲ್ಲಿ ಹದಿನಾರು ವರ್ಷ ಕಳೆದು ಬಂದ ಮನುಷ್ಯ. ಇನ್ಸ್‌ಪೆಕ್ಟರರ ಸ್ವಂತ ಕಾರಿನಲ್ಲಿ ಬ್ರೇಕಿನ ಕೆಂಪು ದೀಪ ಮೂರು ತಿಂಗಳಿಂದ ಉರಿಯುತ್ತಿತ್ತು, ಕಣ್ಣು ಚುಚ್ಚುತ್ತದೆಂದು ಅವರು ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ದರು. "ಒಳ್ಳೇ ರಿಪೇರಿ ಸರ್, ನಮ್ಮ ಶೆಡ್ಡಲ್ಲಿ ಇಷ್ಟು ಬೇಗ ಯಾರೂ ಮಾಡ್ತಿರಲಿಲ್ಲ," ಎಂದು ಸ್ಪ್ಯಾನರ್ ವಾರಕ್ಕೊಮ್ಮೆಯಾದರೂ ಮೆಚ್ಚಿಕೊಳ್ಳುತ್ತಿದ್ದ. ಇವತ್ತು ಅವನು ನೇರ ಕಾರಿನ ಹತ್ತಿರ ಹೋದ. ಮೊಣಕಾಲೂರಿ, ಉಳಿದ ಮೂರು ಚಕ್ರಗಳ ನಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟಿ ನೋಡಿದ.

ಪ್ರತಿ ನಟ್ಟಿನ ನೆತ್ತಿಯಿಂದ ಚಕ್ರದ ತಗಡಿನ ಮೇಲಕ್ಕೆ ಸಣ್ಣದೊಂದು ಹಳದಿ ಗೆರೆ. ನಟ್ಟನ್ನು ಸರಿಯಾಗಿ ಬಿಗಿದ ಮೇಲೆ ಪೇಂಟ್ ಪೆನ್ನಿನಿಂದ ಎಳೆಯುವ ಗುರುತು ಅದು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ನೋಡಿದವರಿಗೆ ಗೊತ್ತಾಗುತ್ತದೆ. ಮೇಷ್ಟ್ರಿಗೆ ಆ ಹೆಸರು ಬಂದದ್ದೂ ಇದರಿಂದಲೇ. ಟೈರಿನ ಗಾಳಿ, ಬ್ರೇಕ್ ಆಯಿಲ್, ಕೂಲೆಂಟ್, ಕೊನೆಗೆ ನಟ್ಟಿನ ಗೆರೆ. ಇವಿಷ್ಟನ್ನೂ ನೋಡಿ ರಿಜಿಸ್ಟರಿನಲ್ಲಿ ಬರೆಯದೆ ಅವರು ಯಾರಿಗೂ ಕೀ ಕೊಡುತ್ತಿರಲಿಲ್ಲ. ಕಾರು ಕಲಿಯಲು ಹೋದವರು ಮೊದಲ ವಾರ ಕಾರಿನ ಸುತ್ತ ಪ್ರದಕ್ಷಿಣೆ ಹಾಕುವುದನ್ನೇ ಕಲಿಯುತ್ತಾರೆ ಎಂದು ಊರು ನಗುತ್ತಿತ್ತು.

ನಾಲ್ವರು ಕಾನ್‌ಸ್ಟೆಬಲ್‌ಗಳು ಮೋರಿಯಿಂದ ಮೇಷ್ಟ್ರ ಮನೆಯವರೆಗೆ ರಸ್ತೆಯ ಎರಡೂ ಬದಿ ತಡಕಿದರು. ಕಳಚಿದ ಚಕ್ರಕ್ಕೆ ಸೇರಿದ ಐದು ನಟ್ಟುಗಳಲ್ಲಿ ಮೂರು ಸಿಕ್ಕವು. ಮೊದಲನೆಯದು ಮನೆಯಿಂದ ಬರೀ ಮುನ್ನೂರು ಮೀಟರ್ ದೂರದಲ್ಲಿತ್ತು. ಸ್ಪ್ಯಾನರ್ ಅದನ್ನು ಬಿಸಿಲಿಗೆ ಹಿಡಿದು, ಪಂಚನಾಮೆಯಲ್ಲಿ ಹೀಗೆ ಬರೆಸಿದ: "ನಟ್ಟಿನ ಮೇಲೆ ಹೊಸ ಬಿಳಿ ಗೆರೆ. ಹಳೇ ಗೆರೆಯನ್ನು ಥಿನ್ನರಿನಿಂದ ಒರೆಸಿದಂತಿದೆ. ಅಂಚಿನಲ್ಲಿ ಹಳದಿ ಬಣ್ಣದ ಚೂರು ಉಳಿದಿದೆ."

ಇನ್ಸ್‌ಪೆಕ್ಟರ್ ಅದನ್ನು ಓದಿದರು, ರುಜು ಹಾಕಿದರು. ಮೆಕ್ಯಾನಿಕ್ ಒಮ್ಮೆ ತಪ್ಪಾಗಿ ಬಿಗಿದು ಮತ್ತೆ ಒರೆಸಿ ಗೆರೆ ಎಳೆದಿರಬೇಕು ಎಂದುಕೊಂಡರು.

ಮೆಕ್ಯಾನಿಕ್ ತಾನಾಗಿಯೇ ಠಾಣೆಗೆ ಬಂದ. ಉಗುರಿನ ಸಂದಿಯ ಗ್ರೀಸು ಎಷ್ಟು ತೊಳೆದರೂ ಹೋಗದ ವಯಸ್ಸಿನವನು. ಸರ್ವಿಸಿನ ಜಾಬ್ ಕಾರ್ಡು, ನಟ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚು, ಪೇಂಟ್ ಪೆನ್ನುಗಳ ಡಬ್ಬಿ, ಎಲ್ಲವನ್ನೂ ಮೇಜಿನ ಮೇಲಿಟ್ಟ. ಡಬ್ಬಿಯಲ್ಲಿದ್ದ ಹನ್ನೊಂದು ಪೆನ್ನುಗಳೂ ಹಳದಿ. ಇನ್ಸ್‌ಪೆಕ್ಟರ್ ರಸ್ತೆಯಲ್ಲಿ ಸಿಕ್ಕ ನಟ್ಟನ್ನು ಅವನ ಮುಂದಿಟ್ಟರು.

"ಇದು ನನ್ನ ಗೆರೆ ಅಲ್ಲ ಸರ್."

"ಬಿಗಿದಿದ್ದು ನೀನೇ ತಾನೆ?"

"ಬಿಗಿದಿದ್ದು ನಾನೇ. ಬಿಳಿ ಎಳೆದಿದ್ದು ನಾನಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಬಿಳಿ ಮುಟ್ಟಿಲ್ಲ."

ಸಿಕ್ಕಿಬಿದ್ದವರೆಲ್ಲ ಹೇಳುವುದು ಹೀಗೇ ಎಂದು ಇನ್ಸ್‌ಪೆಕ್ಟರಿಗೆ ಅನ್ನಿಸಿತು. ಜಾಮೀನಿನ ಮೇಲೆ ಬಿಟ್ಟರು, ದಿನಾ ಬಂದು ಸಹಿ ಹಾಕಲು ಹೇಳಿದರು. ಎರಡು ದಿನದಲ್ಲಿ ಗ್ಯಾರೇಜಿನಿಂದ ಜನ ತಮ್ಮ ತಮ್ಮ ಕಾರುಗಳನ್ನು ಎತ್ತಿಕೊಂಡು ಹೋದರು. ಮೂರನೇ ದಿನ ಯಾರೋ ಶಟರಿನ ಮೇಲೆ ಇದ್ದಿಲಿನಲ್ಲಿ ಕೊಲೆಗಾರ ಎಂದು ಬರೆದರು. ಅವನು ಅಳಿಸಲಿಲ್ಲ. ಠಾಣೆಯ ಬೆಂಚಿನಲ್ಲಿ ಕೂತು, ಅಂಗಳದ ಜೀಪಿನ ಚಕ್ರಗಳನ್ನು ಸುಮ್ಮನೆ ನೋಡುತ್ತಿದ್ದ.

ಟೈಲರಮ್ಮನಿಗೆ ಮಾತನಾಡುವಷ್ಟು ಎಚ್ಚರ ಬಂದದ್ದು ಹದಿನಾರನೇ ತಾರೀಕು, ಮಧ್ಯಾಹ್ನ ಮೂರಕ್ಕೆ. ಕೊರಳೆಲುಬು ಮುರಿದಿತ್ತು. ಮೇಷ್ಟ್ರು ಹೋದ ಸುದ್ದಿಯನ್ನು ನರ್ಸ್ ಅದಾಗಲೇ ಹೇಳಿದ್ದಳು.

ಅವಳು ಹೇಳಿದ್ದು ಇಷ್ಟು. ಅದು ಅವಳ ಏಳನೇ ದಿನ. ಏಳನೇ ದಿನ ಕಾರಿನ ತಪಾಸಣೆಯನ್ನು ಕಲಿಯುವವರು ಒಬ್ಬರೇ ಮಾಡಬೇಕು. ಮೇಷ್ಟ್ರು ತಾವು ನೋಡಿದರೆ ಪರೀಕ್ಷೆ ಕೆಡುತ್ತದೆಂದು, ಬೇಕಂತಲೇ ತಲೆ ತಗ್ಗಿಸಿಕೊಂಡು ಹೋಗಿ ಎಡಸೀಟಿನಲ್ಲಿ ಕೂತು, ರಿಜಿಸ್ಟರ್ ತೆರೆದು ಪ್ರಶ್ನೆ ಕೇಳುತ್ತಿದ್ದರು. ಗಾಳಿ ಸರಿಯಿದೆಯಾ, ಇದೆ. ಆಯಿಲ್ ಮಟ್ಟ, ಇದೆ. ಗೆರೆ ನೆಟ್ಟಗಿದೆಯಾ, ನೆಟ್ಟಗಿದೆ.

"ನೆಟ್ಟಗೇ ಇತ್ತು ಸರ್. ಆದ್ರೆ ಆ ಒಂದು ಚಕ್ರದ್ದು ಬಿಳಿ. ಮಿಕ್ಕಿದ್ದೆಲ್ಲ ಹಳದಿ. ಇಪ್ಪತ್ತು ವರ್ಷದಿಂದ ದಾರದ ಬಣ್ಣ ಹೊಂದಿಸ್ತಿರೋಳು ನಾನು, ನಂಗೆ ಕಾಣದೆ ಇರತ್ತಾ?"

"ಹೇಳಲಿಲ್ಲ ಯಾಕೆ?"

"ಅವ್ರು ಬಣ್ಣ ಕೇಳಲಿಲ್ಲ."

ಹೊರಗೆ ಬಂದ ಮೇಲೆ ಸ್ಪ್ಯಾನರ್ ಮೊದಲ ಸಲ ಪೂರ್ತಿ ಬಾಯಿಬಿಟ್ಟ. ಇದು ಬಿಗಿಯುವವನ ಕೆಲಸವಲ್ಲ, ಸಡಿಲಿಸಿದವನ ಕೆಲಸ ಎಂದ. ನಟ್ಟು ಸಡಿಲಿಸಿದರೆ ಹಳೇ ಗೆರೆ ಮುರಿಯುತ್ತದೆ, ಮೇಷ್ಟ್ರಿಗೆ ಕಾಣುತ್ತದೆ. ಅದಕ್ಕೇ ಒರೆಸಿ, ಸಡಿಲವಾದ ಜಾಗದಲ್ಲೇ ಹೊಸ ಗೆರೆ ಎಳೆದಿದ್ದಾನೆ. ಅಂದರೆ ದಿನಾ ಗೆರೆ ನೋಡುವುದು ಅವನಿಗೆ ಗೊತ್ತು.

ಅವಸರದಲ್ಲಿ ಬಣ್ಣ ತಪ್ಪಿರಬಹುದು ಎಂದರು ಇನ್ಸ್‌ಪೆಕ್ಟರ್.

"ಅವಸರದವನು ಐದೂ ನಟ್ಟಿಗೆ ಥಿನ್ನರ್ ಹಾಕಿ ಉಜ್ಜುತ್ತಾನಾ ಸರ್? ಸ್ಕೇಲ್ ಇಟ್ಟ ಹಾಗಿದೆ ಗೆರೆ. ಇಷ್ಟೆಲ್ಲ ಮಾಡಿದವನು ಬಿಳಿ ಹಿಡಿದ ಅಂದ್ರೆ, ಅವನ ಕಣ್ಣಿಗೆ ಅದು ಬಿಳಿ ಅಲ್ಲ."

ಉರುಳಿದ ನೀರಿನ ಲೋಟ ಇನ್ಸ್‌ಪೆಕ್ಟರಿಗೆ ನೆನಪಾಯಿತು. ಗೆರೆ ಹತ್ತಿ ಹೋದ ಸಹಿಯೂ.

ಹದಿನೇಳು, ಬುಧವಾರ, ಬೆಳಿಗ್ಗೆ ಹತ್ತೂಕಾಲಿಗೆ ಮೇಷ್ಟ್ರ ಆಫೀಸಿನ ಮಹಜರು. ಮನೆಯ ಮುಂದಿನ ಒಂದೇ ಕೋಣೆ. ಗೋಡೆಯಲ್ಲಿ ರಸ್ತೆ ಚಿಹ್ನೆಗಳು, ಮೂಲೆಯಲ್ಲಿ ಹಲಗೆಗೆ ಕೂರಿಸಿದ ಕಾರಿನ ಗೇರು, ಸವೆದ ಟೈರಿನ ಒಂದು ತುಂಡು. ಅಣ್ಣ ಅದೇ ಕಾಂಪೌಂಡಿನ ಹಿಂಭಾಗದ ಮನೆಯಲ್ಲಿರುತ್ತಾನೆಂದು ಮೇಷ್ಟ್ರ ಹೆಂಡತಿ ಹೇಳಿದಳು. ಸಾವಿನ ಮರುದಿನವೇ ಅವನು ಡ್ಯೂಟಿಗೆ ಹೋದನಂತೆ. ರಜೆ ಹಾಕು ಅಂದಿದ್ದಕ್ಕೆ, ಮಕ್ಕಳಿಗೆ ತೊಂದರೆಯಾಗುತ್ತದೆ ಅಂದನಂತೆ.

ಮೇಜಿನ ಖಾನೆಯಲ್ಲಿ ಕಣ್ಣಾಸ್ಪತ್ರೆಯ ಚೀಟಿಯೊಂದು ಸಿಕ್ಕಿತು. ತಾರೀಕು ಫೆಬ್ರವರಿ ಎರಡು, ರೋಗಿಯ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು. ಅದರ ಕೆಳಗೆ ಸಾರಿಗೆ ಕಚೇರಿಗೆ ಬರೆದ ಅರ್ಜಿ. ಮೇಷ್ಟ್ರ ದುಂಡಗಿನ ಅಕ್ಷರ. ನನ್ನ ದೃಷ್ಟಿ ಮಂದವಾಗಿರುವುದರಿಂದ ನನ್ನ ಲೈಸೆನ್ಸನ್ನು ಸ್ವಇಚ್ಛೆಯಿಂದ ಹಿಂತಿರುಗಿಸುತ್ತಿದ್ದೇನೆ, ಎಂದು ಭಾವನ ಪರವಾಗಿ ಬರೆದಿದ್ದರು. ಸಹಿಯ ಜಾಗ ಖಾಲಿ. ಆ ಜಾಗದ ಸುತ್ತ ಕಪ್ಪು ಮಾರ್ಕರಿನಿಂದ ದಪ್ಪಗೆ ಒಂದು ಚೌಕ ಎಳೆದಿದ್ದರು. ಕ್ಯಾಲೆಂಡರಿನಲ್ಲಿ ಹದಿನೈದನೇ ತಾರೀಕಿನ ಕೆಳಗೆ "ಭಾವ, ಸಹಿ" ಎಂದಷ್ಟೇ ಇತ್ತು.

ಹೆಂಡತಿ ಅರ್ಜಿಯನ್ನು ಎರಡು ಸಲ ಓದಿದಳು. ಇಬ್ಬರಿಗೂ ಯಾವುದೋ ವಿಷಯಕ್ಕೆ ಮಾತು ಬೆಳೆದದ್ದು ಗೊತ್ತಿತ್ತು, ಇದಕ್ಕೆಂದು ಗೊತ್ತಿರಲಿಲ್ಲ ಎಂದಳು. ಆಮೇಲೆ ಏನೋ ಹೊಳೆದವಳಂತೆ ಕುರ್ಚಿ ಹಿಡಿದು ಕೂತುಬಿಟ್ಟಳು. ಇನ್ಸ್‌ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಒಬ್ಬರನ್ನು ಅಲ್ಲೇ ಬಿಟ್ಟು ಹೊರಟರು.

ಕಣ್ಣಿನ ಡಾಕ್ಟರ್ ಹನ್ನೆರಡೂವರೆಗೆ ಸಿಕ್ಕರು. ಒಳಗಿನ ನರ ಒಣಗುತ್ತಿದೆ, ಆಪರೇಷನ್ನಿನಿಂದ ಹೋದದ್ದು ಬರುವುದಿಲ್ಲ ಎಂದರು. ನೋಟ ಅಕ್ಕಪಕ್ಕದಿಂದ ಸೊರಗಿ, ಈಗ ಕೊಳವೆಯಲ್ಲಿ ಇಣುಕಿದಷ್ಟೇ ಕಾಣುತ್ತದೆ. ಎಡಗಡೆಯಂತೂ ಏನೂ ಇಲ್ಲ. ಬಣ್ಣದ ಮಾತು ಕೇಳಿದ್ದಕ್ಕೆ, ಮಬ್ಬು ಬೆಳಕಿನಲ್ಲಿ ಹಳದಿಗೂ ಬಿಳಿಗೂ ಅವನಿಗೆ ವ್ಯತ್ಯಾಸ ತಿಳಿಯಲಾರದು ಎಂದರು.

"ಗಾಡಿ ಓಡಿಸಬಾರದು ಅಂತ ಅವತ್ತೇ ಹೇಳಿದ್ದೆ. ಜೊತೆಗೆ ಬಂದಿದ್ದವರು ಬರೆದುಕೊಂಡಿದ್ರು."

ಮೂರೂಕಾಲಿಗೆ ಶಾಲೆ ಬಿಡುತ್ತದೆ. ಎರಡು ಮುಕ್ಕಾಲಿಗೆ ಬಸ್ಸು ಶೆಡ್ಡಿನಿಂದ ಹೊರಡುತ್ತದೆ. ಮೂವತ್ತೆಂಟು ಮಕ್ಕಳು. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಮೂರು ಸಲ ಗಡಿಯಾರ ನೋಡಿದರು. ಸ್ಪ್ಯಾನರ್ ಆಕ್ಸಿಲರೇಟರ್ ಒತ್ತಿದ.

ಎರಡು ಇಪ್ಪತ್ತಕ್ಕೆ ಶೆಡ್ಡು. ತಗಡಿನ ಮಾಡು, ಒಂದೇ ಕಿಟಕಿ, ಡೀಸೆಲ್ ವಾಸನೆ. ಡ್ರೈವರ್ ಬಸ್ಸಿನ ಮುಂದಿನ ಗಾಜನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ. ಗಾಜಿನ ಎಡ ಅರ್ಧದಲ್ಲಿ ಹಕ್ಕಿಯ ಹಿಕ್ಕೆ ಹಾಗೇ ಒಣಗಿತ್ತು. ಅವನು ಉಜ್ಜಿದ ಬಲಭಾಗ ಥಳಥಳ ಹೊಳೆಯುತ್ತಿತ್ತು.

ಕಿಟಕಿಯ ಕಟ್ಟೆಯ ಮೇಲೆ ಟೈರಿಗೆ ತಾರೀಕು ಬರೆಯುವ ಪೇಂಟ್ ಪೆನ್ನುಗಳ ಟಿನ್ನು ಇತ್ತು, ಪಕ್ಕದಲ್ಲಿ ಥಿನ್ನರ್ ಬಾಟಲಿ. ಪೆನ್ನುಗಳ ಮುಚ್ಚಳ ಎಂದೋ ಕಳೆದು, ತುದಿ ನೋಡಿಯೇ ಬಣ್ಣ ತಿಳಿಯಬೇಕಿತ್ತು. ಇನ್ಸ್‌ಪೆಕ್ಟರ್ ಟಿನ್ನನ್ನು ಅವನ ಮುಂದೆ ಹಿಡಿದರು.

"ಇದರಲ್ಲಿ ಹಳದಿ ಯಾವುದು?"

"ಯಾಕೆ ಸರ್?"

"ತೆಗೆದುಕೊಡಿ."

ಅವನು ತಡಮಾಡದೆ ಒಂದನ್ನು ಎತ್ತಿದ. ಸ್ಪ್ಯಾನರ್ ಕಣ್ಣು ಬೇರೆ ಕಡೆ ತಿರುಗಿಸಿದ.

"ಅದು ಬಿಳಿ," ಅಂದರು ಇನ್ಸ್‌ಪೆಕ್ಟರ್.

ಡ್ರೈವರ್ ಪೆನ್ನನ್ನು ಮೂಗಿನ ಹತ್ತಿರ ತಂದ, ಕಿಟಕಿಯ ಬೆಳಕಿಗೆ ತಿರುಗಿಸಿದ, ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಟಿನ್ನಿಗೆ ಹಾಕಿ, ಒದ್ದೆ ಬಟ್ಟೆಯನ್ನು ಹಿಂಡಿ, ಬಸ್ಸಿನ ಮೆಟ್ಟಿಲ ಮೇಲೆ ಕೂತ.

ಹತ್ತನೇ ತಾರೀಕಿನ ಮುಸ್ಸಂಜೆ, ಮೇಷ್ಟ್ರು ಸ್ನಾನಕ್ಕೆ ಹೋಗಿದ್ದಾಗ, ಇದೇ ಶೆಡ್ಡಿನಿಂದ ಒಯ್ದ ಪೆನ್ನು, ಥಿನ್ನರಿನಲ್ಲಿ ಮಾಡಿದ್ದು ಎಂದ. ಕೊಲ್ಲಬೇಕೆಂದು ಇರಲಿಲ್ಲ, ಕಲಿಯುವವರು ನಿಧಾನ ಓಡಿಸುತ್ತಾರೆ, ಚಕ್ರ ಕಳಚಿದರೂ ಕಾರು ಕುಸಿದು ನಿಲ್ಲುತ್ತದೆ, ಊರು ನಗುತ್ತದೆ ಎಂದುಕೊಂಡಿದ್ದನಂತೆ. ಇಪ್ಪತ್ತಾರು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದ್ದ. ಹದಿನೈದಕ್ಕೆ ಸಹಿ ಹಾಕದಿದ್ದರೆ ತಾನೇ ಶಾಲೆಗೆ ಹೇಳುತ್ತೇನೆ ಎಂದು ಮೇಷ್ಟ್ರು ಅಂದಿದ್ದರು.

"ಗೆರೆ ಮೇಷ್ಟ್ರ ಕಾರಿನ ಚಕ್ರವೇ ಬಿದ್ದುಹೋದ್ರೆ, ನನ್ನ ಕಣ್ಣಿನ ವಿಷಯ ಅವನು ಹೇಳಿದ್ದನ್ನ ಯಾರು ನಂಬ್ತಿದ್ರು?"

"ಇಷ್ಟು ದಿನ ಮಕ್ಕಳನ್ನ ಹೇಗೆ ಕರಕೊಂಡು ಹೋದ್ರಿ?"

"ಆ ರೋಡು ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು ಸರ್."

ಹೇಳಿದ ಮೇಲೆ ಆ ಮಾತು ಅವನಿಗೇ ಕೇಳಿಸಿದ ಹಾಗಿತ್ತು.

ಎರಡು ನಲವತ್ತಕ್ಕೆ ಬಂಧನ. ಬಸ್ಸಿನ ಕೀ ಜಪ್ತಿಯಾಯಿತು. ಮೂವತ್ತೆಂಟು ಮಕ್ಕಳು ನಾಲ್ಕು ಗಂಟೆಯವರೆಗೆ ಗೇಟಿನ ಬಳಿ ಕಾದು, ಮನೆಯವರ ಜೊತೆ ಹೋದರು. ಜೀಪಿನ ಹತ್ತಿರ ಬಂದಾಗ ಡ್ರೈವರ್ ರೂಢಿಯಂತೆ ಅದರ ಸುತ್ತ ಒಂದು ಸುತ್ತು ಬಂದ, ಹಿಂದಿನ ಟೈರಿಗೆ ಅಂಗೈಯಿಂದ ತಟ್ಟಿದ, ಬಲಗಡೆಯ ಮುಂಬಾಗಿಲ ಹಿಡಿಗೆ ಕೈ ಹಾಕಿದ. ಸ್ಪ್ಯಾನರ್ ಮೊಣಕೈ ಹಿಡಿದು ಅವನನ್ನು ಹಿಂದಕ್ಕೆ ಕರೆದೊಯ್ದ.

ಠಾಣೆಯಲ್ಲಿ ಮೆಕ್ಯಾನಿಕ್ ದಿನದ ಸಹಿಗೆ ಬಂದು ಕಾಯುತ್ತಿದ್ದ. ಇನ್ನು ಬರಬೇಕಾಗಿಲ್ಲ, ಆರೋಪಿ ಪಟ್ಟಿಯಿಂದ ಹೆಸರು ತೆಗೆಯಲು ಕೋರ್ಟಿಗೆ ವರದಿ ಹೋಗುತ್ತದೆ ಎಂದರು ಇನ್ಸ್‌ಪೆಕ್ಟರ್. ಅವನು ಎದುರಿಗೆ ನಿಂತಿದ್ದ ಡ್ರೈವರನ್ನು ನೋಡಿದ, ಮೆಟ್ಟಿಲಿಳಿದು ಹೋದ. ಶಟರಿನ ಮೇಲಿನ ಅಕ್ಷರ ಅವನೇ ತೊಳೆಯಬೇಕಿತ್ತು.

ರೈಟರ್ ಬಂಧನದ ಪತ್ರವನ್ನು ಮುಂದಿಟ್ಟ. ಡ್ರೈವರ್ ಪೆನ್ನು ಹಿಡಿದ, ಕಾಗದದ ಮೇಲೆ ಕೈ ಆಡಿಸಿದ, ಎಲ್ಲಿ ಎಂದು ತಿಳಿಯದೆ ನಿಂತ. ಸಹಿಯ ಗೆರೆ ತೆಳುವಾಗಿತ್ತು.

ಇನ್ಸ್‌ಪೆಕ್ಟರ್ ಖಾನೆಯಿಂದ ಕಪ್ಪು ಮಾರ್ಕರ್ ತೆಗೆದು ಸಹಿಯ ಜಾಗದ ಸುತ್ತ ದಪ್ಪಗೆ ಒಂದು ಚೌಕ ಎಳೆದರು.

ಡ್ರೈವರ್ ಬಗ್ಗಿ ನೋಡಿದ. ಸಹಿ ಹಾಕಿದ. ಈ ಸಲ ಅದು ಅಂಚು ದಾಟದೆ, ಚೌಕದ ನಟ್ಟನಡುವೆ ಬಿತ್ತು.