ತೊಂಬತ್ತು ಕಿಲೋಮೀಟರ್ ಕಡಿಮೆ

“ರೈನ್ ನದಿ ಎಷ್ಟು ಉದ್ದ, ಮಕ್ಕಳೇ?” ಫೆರಿ ದೋಣಿ ನಡೆಸುವ ಎವಾಲ್ಟ್ ಮೇಷ್ಟ್ರ ಹಾಗೆ ಮೇಜು ಕುಟ್ಟಿ ಕೇಳಿದ.

“ಸಾವಿರದ ಮುನ್ನೂರ ಇಪ್ಪತ್ತು ಕಿಲೋಮೀಟರ್, ಮೇಷ್ಟ್ರೇ!”

ಜರ್ಮನಿಯ ಬೊಪ್ಪಾರ್ಡ್ ಊರಿನ ನದೀತೀರದ ಹೋಟೆಲ್ ತೋಟದಲ್ಲಿ ಇಪ್ಪತ್ತು ಜನ ಒಂದೇ ರಾಗದಲ್ಲಿ ಕೂಗಿದರು. ಮಕ್ಕಳೆಂದರೆ ಎಂಥಾ ಮಕ್ಕಳು! ಅರ್ಧಕ್ಕರ್ಧ ಬೋಳುತಲೆ. ಎಲ್ಲರೂ ಶಾಲೆಗೆ ಹೋಗುವ ಪುಟ್ಟ ಹುಡುಗಿ ಮೆರ್ಲೆಯ ಅಜ್ಜನ ಹತ್ತಿರ ಒಂದು ಕಾಲದಲ್ಲಿ ಭೂಗೋಳ ಕಲಿತವರು. ಇವತ್ತು ಅಜ್ಜನಿಗೆ ಎಪ್ಪತ್ತೈದು. ಪ್ಲಮ್ ಕೇಕ್ ಬಾಯಲ್ಲಿಟ್ಟುಕೊಂಡೇ ಅಜ್ಜ ನಗುತ್ತಿದ್ದರು.

ಮೆರ್ಲೆ ಕುರ್ಚಿ ಹತ್ತಿದಳು. ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಥೇಟ್ ಅಜ್ಜನ ದನಿ ತೆಗೆದಳು.

“ತಪ್ಪು! ಸಾವಿರದ ಇನ್ನೂರ ಮೂವತ್ತು! ಪೇಪರಲ್ಲಿ ಬಂದಿದೆ. ಯಾವ ಕಾಲದಲ್ಲೋ ಯಾರೋ ಎರಡನ್ನೂ ಮೂರನ್ನೂ ಅದಲುಬದಲು ಮಾಡಿದ್ದಾರೆ, ಪುಸ್ತಕದವರೆಲ್ಲ ಕಾಪಿ ಹೊಡೆದಿದ್ದಾರೆ. ನೀವೂ ಕಾಪಿ, ನಿಮ್ಮ ಮೇಷ್ಟ್ರೂ ಕಾಪಿ! ಎಲ್ಲರೂ ಫೇಲ್!”

ತೋಟಕ್ಕೆ ತೋಟವೇ ಬಿದ್ದು ಬಿದ್ದು ನಕ್ಕಿತು. ಎವಾಲ್ಟ್ ಮಾತ್ರ ನಗಲಿಲ್ಲ. ಅಜ್ಜ ಫೋರ್ಕ್ ಕೆಳಗಿಟ್ಟರು.

“ನಿಜವಾ, ಪುಟ್ಟಿ?”

“ಹೂಂ ಅಜ್ಜ. ಮಿಸ್ಸೂ ಹೇಳಿದ್ರು.” ಈಗ ಅವಳ ದನಿ ಅವಳದ್ದೇ ಆಗಿತ್ತು, ಸಣ್ಣಗೆ.

ಸೋಮವಾರವೇ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಮೆಲ್ಲಗೆ ಹೇಳಬಹುದಿತ್ತು. ಎಲ್ಲರನ್ನೂ ನಗಿಸಬೇಕೆಂದು ಐದು ದಿನ ಬಚ್ಚಿಟ್ಟುಕೊಂಡಿದ್ದಳು.

ಅಜ್ಜ ಎದ್ದು ಎವಾಲ್ಟ್ ಮುಂದೆ ನಿಂತರು. “ಐದನೇ ಕ್ಲಾಸಲ್ಲಿ ಮ್ಯಾಪ್ ಮೇಲೆ ದಾರ ಇಟ್ಟು ನದಿ ಅಳೆದಿದ್ಯಲ್ಲ, ಎಷ್ಟು ಬಂದಿತ್ತೋ?”

“ಬಿಡಿ ಮೇಷ್ಟ್ರೇ, ಹಳೇ ಕತೆ.”

“ಎಷ್ಟು?”

“ಸಾವಿರದ ಇನ್ನೂರು... ಚಿಲ್ಲರೆ.”

“ನಾನೇನು ಮಾಡ್ದೆ?”

ಎವಾಲ್ಟ್ ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡ. “ದಾರ ಕಿತ್ಕೊಂಡು ಬಾಗಿಲ ಹೊರಗೆ ನಿಲ್ಸಿದ್ರಿ. ಎಲ್ರೂ ನಕ್ಕಿದ್ರು.”

ಕೆಳಗೆ ನದಿಯಲ್ಲಿ ಒಂದು ಸರಕಿನ ಹಡಗು ಗುಡುಗುಡು ಎಂದು ಹೋಯಿತು.

“ಎಲ್ಲರ ಮುಂದೆ ಅವಮಾನ ಮಾಡಿದ್ದೆ. ಎಲ್ಲರ ಮುಂದೆಯೇ ಹೇಳ್ತೀನಿ,” ಎಂದರು ಅಜ್ಜ. “ತಪ್ಪು ನಂದು, ಎವಾಲ್ಟ್.”

ಎವಾಲ್ಟ್ ದಡಬಡಿಸಿ ಎದ್ದು ಅವರ ಕೈ ಹಿಡಿದುಕೊಂಡ.

ಮೆರ್ಲೆಯ ಕಿವಿಗಳು ಕೆಂಡವಾಗಿದ್ದವು. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಈಗ ಇಳಿದು ಅಡಿಗೆಮನೆ ಕಡೆ ಓಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಜೆ ಮನೆಯಲ್ಲಿ ಅಜ್ಜನ ಕಿವಿಯಲ್ಲಿ ಸಾರಿ ಅಂದರೆ ಆಯಿತು.

ಒಂದು ಕಾಲು ಕೆಳಗಿಟ್ಟಳು. ಮತ್ತೆ ಮೇಲಕ್ಕೆ ಎಳೆದುಕೊಂಡಳು.

“ಅಜ್ಜಾ,” ಎಂದಳು. ಯಾರಿಗೂ ಕೇಳಿಸಲಿಲ್ಲ.

ಗಂಟಲು ಸರಿಮಾಡಿಕೊಂಡು, ಕೊನೆಯ ಮೇಜಿಗೂ ಕೇಳಿಸುವಷ್ಟು ಜೋರಾಗಿ ಇನ್ನೊಮ್ಮೆ ಕರೆದಳು.