ಗಾಳಿಯಂತ್ರಕ್ಕೊಂದು ಬುಷ್

"ಇದನ್ನ ಮೇಲಕ್ಕೆ ಕಳಿಸಾಕೆ ಆಗಲ್ಲ ಮೇಡಂ. ಲೂಸ್ ಐತೆ."

ಜಗಳೂರಿನ ಬಯಲಲ್ಲಿ, ಗಾಳಿಯಂತ್ರದ ಕಂಬದ ಬುಡದಲ್ಲಿ, ಕೈಲಿದ್ದ ಬುಷ್ಷನ್ನು ಬ್ರೇಕಿನ ಪಿನ್ನಿಗೆ ತೊಡಿಸಿ ನೋಡುತ್ತಾ ಟೆಕ್ನಿಷಿಯನ್ ಯರ್ರಿಸ್ವಾಮಿ ಹೇಳಿದ ಮೊದಲ ಮಾತು ಅದು.

ಮೂರು ತಿಂಗಳು ಫೋನಿನಲ್ಲಷ್ಟೇ ಕೇಳಿದ್ದ ದನಿ... ಬಸ್ಸಿಳಿಯುವಾಗ ಶಿವಲೀಲಾಳ ಎದೆ ಡವಗುಟ್ಟಿದ್ದು ಆ ದನಿಗಾಗಿಯೇ. ಈಗ ಅದೇ ದನಿ ಅವಳ ಎರಡು ವರ್ಷದ ಓದನ್ನು ತಳ್ಳಿಹಾಕಿತ್ತು!

ನ್ಯಾಮತಿಯ ಶಿವಲೀಲಾ ದಾವಣಗೆರೆಯಲ್ಲಿ ಎಂ.ಟೆಕ್ ಓದುತ್ತಿದ್ದಳು. ಈ ಹಳೆಯ ಗಾಳಿಯಂತ್ರಗಳನ್ನು ಮಾಡಿದ ಕಂಪನಿ ಮುಚ್ಚಿಹೋಗಿ, ಬಿಡಿಭಾಗ ಸಿಗುತ್ತಿರಲಿಲ್ಲ. ಲೋಹದ ಪುಡಿಯನ್ನು ಲೇಸರಿನಿಂದ ಪದರ ಪದರವಾಗಿ ಕರಗಿಸಿ, ಅವನ್ನು ಇಲ್ಲೇ ತಯಾರಿಸಬಹುದೆಂದು ತೋರಿಸುವುದೇ ಅವಳ ಪ್ರಾಜೆಕ್ಟ್. ಅವಳು ಮಾಡಿ ತಂದದ್ದು ಬ್ರೇಕಿನೊಳಗೆ ಕೂರುವ, ದಪ್ಪ ಬಳೆಯಂಥ ಬುಷ್. ಅಳತೆಗೆಂದು ಸ್ಟೋರಿನಲ್ಲಿ ಬಳಸದೆ ಉಳಿದಿದ್ದ ಎರಡೇ ಹಳೆಯ ಬುಷ್‌ಗಳಲ್ಲಿ ಒಂದನ್ನು ಯರ್ರಿಸ್ವಾಮಿಯೇ ಕಳಿಸಿದ್ದ. ತಿಂಗಳ ಕೊನೆಯೊಳಗೆ ಅವಳ ಬುಷ್ ಯಂತ್ರದಲ್ಲಿ ಕೂತು ಓಡದಿದ್ದರೆ ಪ್ರಾಜೆಕ್ಟ್ ಒಪ್ಪುವುದಿಲ್ಲವೆಂದು ಗೈಡ್ ಮಹೇಶ್ವರಪ್ಪನವರು ಹೇಳಿಬಿಟ್ಟಿದ್ದರು.

ಉಳಿದದ್ದು ಹನ್ನೊಂದೇ ದಿನ.

"ನೀವು ಕಳಿಸಿದ ಬುಷ್ಷಿನ ಅಳತೆಗೇ ಮಾಡೀನಿ. ಪ್ರಿಂಟರಲ್ಲಿ ಮಾಡಿದ್ದು ಅಂತ ನಿಮಗೆ ತಾತ್ಸಾರ," ಎಂದಳು.

ಅವನು ಬಿಸಿಲಲ್ಲಿದ್ದ ಅವಳ ಬ್ಯಾಗನ್ನು ನೆರಳಿಗೆ ಸರಿಸಿಟ್ಟ. ಅವಳಿಗೆ ಅದೂ ಅಣಕವಾಗಿ ಕಂಡಿತು.

ಲ್ಯಾಬಿಗೆ ಬಂದು ತನ್ನ ಬುಷ್ಷನ್ನೂ ಅವನು ಕಳಿಸಿದ್ದನ್ನೂ ಮತ್ತೆ ಅಳೆದಳು. ಎರಡೂ ಒಂದೇ. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿದೆ... ಆದರೆ ಸುಳ್ಳು ಹೇಳುವ ದನಿಯಲ್ಲವಲ್ಲ ಅದು? ಹಾಗೆಂದುಕೊಂಡರೂ ಅವನ ಫೋನ್ ಮಾತ್ರ ಎತ್ತಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಯರ್ರಿಸ್ವಾಮಿ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಗ್ರೀಸ್ ಮೆತ್ತಿದ ಇನ್ನೊಂದು ಬುಷ್, ಒಂದು ಪತ್ರ.

"ತಪ್ಪು ನಂದು ಮೇಡಂ. ಅವತ್ತು ಕಳಿಸಿದ್ದಕ್ಕೆ ಒಳಗೆಲ್ಲ ತುಕ್ಕಿತ್ತು. ನಿಮ್ಮ ಕೈ ಹೊಲಸಾಗಬಾರದು ಅಂತ ಎಮರಿ ಪೇಪರಲ್ಲಿ ಒಂದು ತಾಸು ಉಜ್ಜಿದ್ದೆ. ಒಳಸುತ್ತು ಸವೆದು ದೊಡ್ಡದಾಗೈತೆ. ಇದನ್ನ ಅಳೆದಾಗಲೇ ಗೊತ್ತಾಗಿದ್ದು."

ಶಿವಲೀಲಾ ಆ ಗ್ರೀಸ್ ಮೆತ್ತಿದ ಬುಷ್ಷನ್ನು ಬರಿಗೈಯಲ್ಲೇ ತೆಗೆದುಕೊಂಡಳು. ತನಗಾಗಿ ಒಂದು ತಾಸು!

ತಾನು ಕೆಲಸ ಮಾಡುವ ಕಂಪನಿಯ ವಸ್ತುವನ್ನು ತಾನೇ ಕೆಡಿಸಿದೆನೆಂದು ಅವನು ಪತ್ರದಲ್ಲಿ ಬರೆದು ಸಹಿ ಹಾಕಿದ್ದ. ಇದರಿಂದ ಅವನ ಬಡ್ತಿ ನಿಲ್ಲಬಹುದೆಂದು ಲ್ಯಾಬಿನಲ್ಲಿದ್ದ ಮಹೇಶ್ವರಪ್ಪನವರು ಅದನ್ನೋದಿ ಎಚ್ಚರಿಸಿದರು. ನಿಂತರೆ ನಿಲ್ಲಲಿ, ಇವರ ಕೆಲಸಕ್ಕೆ ಕೆಟ್ಟ ಹೆಸರು ಬೇಡ ಎಂದ.

ಅವಳು ಪೆನ್ನು ತೆಗೆದುಕೊಂಡಳು. ಒಂದೇ ಬುಷ್ ನಂಬಿ ಅಳತೆ ತೆಗೆದದ್ದು ತನ್ನ ತಪ್ಪೆಂದು ಕೆಳಗೆ ಬರೆದು, ಅವನ ಸಹಿಯ ಪಕ್ಕದಲ್ಲೇ ತಾನೂ ಸಹಿ ಮಾಡಿದಳು.

"ಏನ್ರೀ ಇದು, ಲಗ್ನಪತ್ರಿಕೆನಾ?" ಮಹೇಶ್ವರಪ್ಪನವರು ಕನ್ನಡಕದ ಮೇಲಿಂದ ನೋಡಿದರು. ಇಬ್ಬರೂ ತಲೆ ತಗ್ಗಿಸಿದರು.

ಹೊಸ ಅಳತೆಗೆ ಹೊಸ ಬುಷ್ ಆಯಿತು. ಹತ್ತನೆಯ ದಿನ ಅದನ್ನು ಹಿಡಿದು ಯರ್ರಿಸ್ವಾಮಿ ಕಂಬದೊಳಗಿನ ಏಣಿ ಹತ್ತಿದ. ಕೆಳಗೆ ಶಿವಲೀಲಾ ಕತ್ತೆತ್ತಿ ನಿಂತೇ ಇದ್ದಳು. ರೆಕ್ಕೆಗಳು ತಿರುಗಿದವು... ನಿಂತವು... ಮತ್ತೆ ತಿರುಗಿದವು.

ಅವನು ಇಳಿದು ಬಂದ. ಮುಖವೆಲ್ಲ ಬೆವರು, ನಗು.

"ಬಿಗಿಯಾಗಿ ಕೂತೈತೆ. ಮೂರು ಸಲ ಬ್ರೇಕ್ ಹಾಕಿ ನೋಡಿದೆ ಮೇಡಂ."

"ಇನ್ಮೇಲೆ ಮೇಡಂ ಅನ್ನಬ್ಯಾಡ್ರಿ."

"ಮತ್ತೆ ಏನನ್ನಲಿ?"

"ಶಿವಲೀಲಾ ಅನ್ರಿ. ನ್ಯಾಮತಿಗೆ ಬಂದು ನಮ್ಮಪ್ಪನ ಮುಂದೂ ಹಂಗೇ ಅನ್ರಿ."

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಭಾನುವಾರ ಬರಲಾ... ಶಿವಲೀಲಾ?"

"ಶನಿವಾರನೂ ನಿಮಗೆ ರಜಾ ಐತಲ್ಲ," ಎಂದಳು ಅವಳು ಮೆಲ್ಲಗೆ.